ಸರ್ವರ್ ಕೊಡುವ ಎಚ್ಚರಿಕೆಯನ್ನು ಓದುವವರನ್ನು ನೇಮಿಸಿ

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಪಹಣಿ ತೆಗೆಸಲು, ಪಡಿತರ ತರಲು, ಸೊಸೈಟಿಯಲ್ಲಿಟ್ಟ ಠೇವಣಿ ಬಿಡಿಸಲು ಹೋದವರಲ್ಲಿ ‘ಸರ್ವರ್ ಇಲ್ರಿ, ನಾಳಿ ಬರ್ರಿ’ ಎಂಬ ಮಾತನ್ನು ಕೇಳದವರು ವಿರಳ. ಹೇಳುವವರೂ ಕೇಳುವವರೂ ಇದನ್ನು ಮಳೆ ಕೈಕೊಟ್ಟಷ್ಟೇ ಸಹಜವೆಂದು, ಯಾರ ಕೈಯಲ್ಲೂ ಇಲ್ಲದ ಸಂಗತಿಯೆಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಹದಿನಾಲ್ಕು ವರ್ಷಗಳಿಂದ ಸರ್ವರ್‌ಗಳ ಉಸ್ತುವಾರಿಯನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದಿರುವ ನಾನು, ಅದು ಹಾಗಲ್ಲವೆಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ರಾಜಧಾನಿಯ ದತ್ತಾಂಶ ಕೇಂದ್ರದಲ್ಲೋ ದಾರಿಯ ನೆಟ್‌ವರ್ಕ್‌ ಕೇಬಲ್ಲಿನಲ್ಲೋ ಆಗುವ ತೊಂದರೆ ನಮ್ಮ ಕೈಮೀರಿದ್ದಿರಬಹುದು. ಆದರೆ ನಮ್ಮದೇ ಊರಿನ ಸಹಕಾರಿ ಸಂಘ, ಆಸ್ಪತ್ರೆ, ಕಾಲೇಜು, ದಾಲ್ ಮಿಲ್ಲುಗಳ ಹಿಂದಿನ ಕೋಣೆಯಲ್ಲಿರುವ ಸರ್ವರ್ ಕೆಟ್ಟು ನಿಲ್ಲುವ ಮೊದಲು ಬಹುತೇಕ ಸಲ ಮುನ್ಸೂಚನೆ ಕೊಟ್ಟಿರುತ್ತದೆ. ಆ ಮುನ್ಸೂಚನೆಯನ್ನು ಓದುವ ಹೊಣೆ ಮಾತ್ರ ಯಾರ ಹೆಸರಿನಲ್ಲೂ ಇರುವುದಿಲ್ಲ. ನನ್ನ ದೂರು ಇಷ್ಟೇ.

ಎರಡು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯ ವಾರದಲ್ಲಿ, ನಮ್ಮ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘದಿಂದ ನನಗೆ ಕರೆ ಬಂತು. ಮುಂಗಾರು ಬಿತ್ತನೆಗೆ ತೊಗರಿ ಬೀಜ, ಗೊಬ್ಬರ ಕೊಳ್ಳಲು ರೈತರು ಹಣಕ್ಕಾಗಿ ಸಾಲುಗಟ್ಟಿ ನಿಂತಿದ್ದ ದಿನಗಳವು. ಬುಧವಾರ ಬೆಳಿಗ್ಗೆ ಕೌಂಟರಿನ ಕಂಪ್ಯೂಟರುಗಳು ಒಂದೂ ತೆರೆದುಕೊಳ್ಳದೆ, ಸರ್ವರಿನ ಒಳಗಿನ ಲೆಕ್ಕಪತ್ರವೆಲ್ಲ ಹೋಗಿದೆ ಎಂದು ಗೊತ್ತಾಗಿತ್ತು. ನಾನು ಅಲ್ಲಿಗೆ ತಲುಪಿದ್ದು ಶುಕ್ರವಾರ. ಅಷ್ಟರಲ್ಲಿ ಮತ್ತೊಬ್ಬ ಎಂಜಿನಿಯರ್ ಬಂದು, ಸರ್ವರಿನ ನಿರ್ವಹಣಾ ತಂತ್ರಾಂಶದ ಲಾಗ್ (ಆದದ್ದನ್ನೆಲ್ಲ ಸಮಯಸಹಿತ ತಾನಾಗಿಯೇ ಬರೆದಿಡುವ ದಾಖಲೆ) ನೋಡಿ, ಮಂಗಳವಾರ ರಾತ್ರಿ 9 ಗಂಟೆ 4 ನಿಮಿಷಕ್ಕೆ ಸರ್ವರಿಗೆ ವಿದ್ಯುತ್ ಕಡಿತವಾಗಿದೆ ಎಂದು ಹೇಳಿ ಹೋಗಿದ್ದರು. ಪಿಗ್ಮಿ ಸಂಗ್ರಾಹಕರು ಹಣ ತಂದೊಪ್ಪಿಸುವುದು ರಾತ್ರಿ ಎಂಟೂವರೆಯಾಗುವುದರಿಂದ, ಕಸ ಗುಡಿಸಿ ಕೋಣೆಗೆ ಬೀಗ ಹಾಕುವ ಸಿಪಾಯಿ ದಿನವೂ ಹೊರಬೀಳುತ್ತಿದ್ದುದು ಒಂಬತ್ತರ ಸುಮಾರಿಗೆ. ಹೀಗಾಗಿ ಅವರೇ ಯಾವುದೋ ವೈರು ಎಳೆದಿರಬೇಕೆಂದು ತೀರ್ಮಾನವಾಗಿ, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡಿ ಎಂದು ಅವರನ್ನು ಮನೆಗೆ ಕಳಿಸಲಾಗಿತ್ತು. ಐವತ್ತು ದಾಟಿದ ಮನುಷ್ಯ, ಇಪ್ಪತ್ತು ವರ್ಷದ ನೌಕರಿ.

ಅದೇ ಲಾಗನ್ನು ನಾನೂ ತೆರೆದೆ. ಅದರಲ್ಲಿದ್ದ ಎಲ್ಲ ಸಮಯವೂ ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿತ್ತು. ಸರ್ವರುಗಳ ನಿರ್ವಹಣಾ ಭಾಗದ ಗಡಿಯಾರವನ್ನು ಯಾರೂ ಹೊಂದಿಸದೆ ಬಿಟ್ಟರೆ ಅದು ಹಲವೊಮ್ಮೆ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲೇ ನಡೆಯುತ್ತಿರುತ್ತದೆ. ನಮ್ಮ ಕೆಲಸದಲ್ಲಿ ಇದು ಎಲ್ಲರೂ ಒಂದಲ್ಲ ಒಂದು ದಿನ ಎಡವುವ ಕಲ್ಲು. ಮಂಗಳವಾರ ರಾತ್ರಿ 9:04 ಎಂದು ಕಾಣುತ್ತಿದ್ದುದು ವಾಸ್ತವದಲ್ಲಿ ಬುಧವಾರ ನಸುಕಿನ 2:34. ಪಕ್ಕದಲ್ಲೇ ಇದ್ದ ಯುಪಿಎಸ್‌ನ ಪುಟ್ಟ ಪರದೆಯಲ್ಲಿ ಗುಂಡಿ ಒತ್ತುತ್ತಾ ಹಿಂದಿನ ದಾಖಲೆಗಳನ್ನು ನೋಡಿದಾಗ, 2:31ಕ್ಕೆ ಕರೆಂಟು ಹೋಗಿ, ಮೂರೇ ನಿಮಿಷಕ್ಕೆ ಬ್ಯಾಟರಿ ಕೈಬಿಟ್ಟದ್ದು ಸ್ಪಷ್ಟವಾಗಿ ದಾಖಲಾಗಿತ್ತು. ಆ ಹೊತ್ತಿಗೆ ಕಟ್ಟಡಕ್ಕೆ ಬೀಗ ಬಿದ್ದಿತ್ತು. ಸಿಪಾಯಿ ತಮ್ಮ ಮನೆಯ ಮಾಳಿಗೆಯ ಮೇಲೆ ಮಲಗಿದ್ದರು. ಕಾರ್ಯದರ್ಶಿಯವರನ್ನು ಕೂರಿಸಿಕೊಂಡು ಎರಡೂ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಕಾಗದದ ಮೇಲೆ ಐದೂವರೆ ಗಂಟೆ ಕೂಡಿಸಿ ತೋರಿಸಿದ ಮೇಲೆ ಸಿಪಾಯಿಯವರಿಗೆ ಮರಳಿ ಬರಲು ಹೇಳಿಕಳಿಸಿದರು. ಗಡಿಯಾರ ಹೊಂದಿಸುವುದು ಐದು ನಿಮಿಷದ ಕೆಲಸ. ಅದನ್ನು ಮಾಡದಿದ್ದುದರಿಂದ ಒಬ್ಬ ನಿರಪರಾಧಿ ಮೂರು ದಿನ ತಲೆ ತಗ್ಗಿಸಿಕೊಂಡಿರಬೇಕಾಯಿತು.

ನಿಜವಾದ ಕಾರಣ ಆ ಲಾಗಿನಲ್ಲೇ ಇನ್ನೂ ಹಿಂದೆ ಇತ್ತು. ಆ ಸರ್ವರಿನಲ್ಲಿದ್ದ ಮೂರು ಡಿಸ್ಕುಗಳನ್ನು ರೇಡ್-5 ಎಂಬ ವಿಧಾನದಲ್ಲಿ ಜೋಡಿಸಲಾಗಿತ್ತು. ಒಂದು ಡಿಸ್ಕು ಸತ್ತರೂ ಉಳಿದ ಎರಡು ಸೇರಿ ಲೆಕ್ಕವನ್ನು ಉಳಿಸಿಕೊಳ್ಳುತ್ತವೆ, ಎರಡನೆಯದೂ ಹೋದರೆ ಏನೂ ಉಳಿಯುವುದಿಲ್ಲ. ಈ ವಿಧಾನದ ಕಟ್ಟಳೆಯೇ ಅದು. ಅವಘಡಕ್ಕೆ ಹತ್ತೊಂಬತ್ತು ದಿನ ಮೊದಲು ‘ಈ ಡಿಸ್ಕು ಶೀಘ್ರದಲ್ಲೇ ವಿಫಲವಾಗುವ ಸಂಭವವಿದೆ’ ಎಂಬ ಎಚ್ಚರಿಕೆ ದಾಖಲಾಗಿತ್ತು. ಅದಾಗಿ ಆರು ದಿನಕ್ಕೆ ಅದು ಸತ್ತದ್ದೂ, ರಕ್ಷಣೆಯಿಲ್ಲದ ಸ್ಥಿತಿಯಲ್ಲಿ ಸರ್ವರ್ ನಡೆಯುತ್ತಿದೆ ಎಂಬುದೂ ದಾಖಲಾಗಿತ್ತು. ಸರ್ವರಿನ ಮುಂಭಾಗದಲ್ಲಿ ಹಳದಿ ದೀಪ ಮಿನುಗುತ್ತಲೇ ಇದ್ದಿರಬೇಕು. ಧೂಳು ಕೂರದಿರಲೆಂದು ಯಾರೋ ಅಕ್ಕರೆಯಿಂದ ಅದಕ್ಕೆ ಟವೆಲು ಹೊದಿಸಿದ್ದರು. ಕೋಣೆಯ ಎಸಿಯನ್ನು ರಾತ್ರಿ ಆರಿಸುವ ರೂಢಿ ಇದ್ದುದರಿಂದ, ಸರ್ವರಿನ ಒಳಗೆ ಹೋಗುವ ಗಾಳಿಯೇ 40 ಡಿಗ್ರಿ ದಾಟಿದ್ದ ದಾಖಲೆಗಳು ಪುಟಗಟ್ಟಲೆ ಇದ್ದವು. ಅಂತಹ ಕೋಣೆಗಳಿಗೆ 18ರಿಂದ 27 ಡಿಗ್ರಿ ಸೂಕ್ತವೆಂಬುದು ಈ ಕ್ಷೇತ್ರದಲ್ಲಿ ಸರ್ವಮಾನ್ಯ. ನಮ್ಮ ಬೇಸಿಗೆಯಲ್ಲಿ ಎಸಿ ಆರಿಸಿ ಬಾಗಿಲು ಮುಚ್ಚಿದ ಕೋಣೆ ಒಲೆಯಂತಾಗುತ್ತದೆ. ಯುಪಿಎಸ್‌ನ ಬ್ಯಾಟರಿಯ ಆಯಸ್ಸೂ 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದಂತೆ ಸುಮಾರು ಅರ್ಧಕ್ಕಿಳಿಯುವುದರಿಂದ, ಅದು ಮೂರೇ ನಿಮಿಷಕ್ಕೆ ಸೋತದ್ದೂ ಆಶ್ಚರ್ಯವಲ್ಲ. ನಸುಕಿನಲ್ಲಿ ಕರೆಂಟು ಹೋಗಿ ಬಂದಾಗ, ಬೆಂದು ಬಳಲಿದ್ದ ಎರಡನೆಯ ಡಿಸ್ಕು ಮತ್ತೆ ತಿರುಗಲೇ ಇಲ್ಲ.

ಹಾಗಾದರೆ ಹತ್ತೊಂಬತ್ತು ದಿನಗಳ ಎಚ್ಚರಿಕೆ ಎಲ್ಲಿ ಹೋಯಿತು ಎಂದು ಹುಡುಕಿದೆ. ಸರ್ವರನ್ನು ಕೂರಿಸಿದಾಗ ಎಚ್ಚರಿಕೆಯ ಇ-ಮೇಲ್‌ ಹೋಗಬೇಕೆಂದು ಬರೆಸಿದ್ದ ವಿಳಾಸ, ಆ ಮಾರಾಟಗಾರರ ಬಳಿ ಆಗ ಕೆಲಸಕ್ಕಿದ್ದು ಬಹಳ ಹಿಂದೆಯೇ ಬಿಟ್ಟುಹೋದ ಎಂಜಿನಿಯರನದ್ದು. ಅಷ್ಟೂ ಸಾಲದೆಂಬಂತೆ, ಮೇಲ್ ಕಳಿಸುವ ಖಾತೆಯ ಪಾಸ್‌ವರ್ಡನ್ನು ನಡುವೆ ಯಾರೋ ಬದಲಿಸಿದ್ದರಿಂದ ಒಂದೇ ಒಂದು ಎಚ್ಚರಿಕೆಯೂ ಆ ಕಟ್ಟಡ ಬಿಟ್ಟು ಹೊರಗೆ ಹೋಗಿರಲಿಲ್ಲ. ಬ್ಯಾಕಪ್ ತೆಗೆದಿಡುತ್ತಿದ್ದ ಹೊರಗಿನ ಡಿಸ್ಕು ತುಂಬಿಹೋಗಿ ಹನ್ನೊಂದು ದಿನವಾಗಿತ್ತು. ಅದರ ಸಂದೇಶವೂ ಅದೇ ವಿಳಾಸಕ್ಕೆ. ಹನ್ನೊಂದು ದಿನದ ಹಿಂದಿನ ಲೆಕ್ಕವನ್ನು ಹೊಸ ಡಿಸ್ಕಿಗೆ ಇಳಿಸಿಕೊಟ್ಟೆ. ಆಮೇಲೆ ಸಂಘದ ಸಿಬ್ಬಂದಿ, ಮರಳಿ ಬಂದ ಸಿಪಾಯಿಯವರೂ ಸೇರಿದಂತೆ, ವೋಚರುಗಳ ಕಟ್ಟು ಬಿಚ್ಚಿ, ಕಿರ್ದಿಯ ಪುಟ ತಿರುವುತ್ತಾ, ಮೂರು ಹಗಲು ಮೂರು ರಾತ್ರಿ ಕುಳಿತು ಪ್ರತಿಯೊಂದು ಜಮೆ ಖರ್ಚನ್ನೂ ಮತ್ತೆ ಬೆರಳಚ್ಚು ಮಾಡಿದರು. ಕಾಗದದ ಕಿರ್ದಿ ಬರೆಯುವ ಪದ್ಧತಿಯನ್ನು ಅವರು ಬಿಡದೆ ಇದ್ದುದು ಸಂಘದ ಭಾಗ್ಯ.

ಓದುಗರಲ್ಲಿ ಹಲವರಿಗೆ ಈ ನಿರ್ವಹಣಾ ತಂತ್ರಾಂಶವೆಂದರೆ ಏನೆಂದು ಗೊತ್ತಿರಲಾರದು, ಆದ್ದರಿಂದ ನಾಲ್ಕು ಮಾತು ಹೇಳಬೇಕು. ಒಳ್ಳೆಯ ಸರ್ವರುಗಳಲ್ಲಿ ಮುಖ್ಯ ಪ್ರೊಸೆಸರಿನ ಜೊತೆಗೆ ಬಿಎಂಸಿ ಎಂಬ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಎಚ್‌ಪಿ ಕಂಪನಿಯವರು ಇದನ್ನು ಐಎಲ್‌ಒ ಎಂದೂ ಡೆಲ್‌ನವರು ಐಡ್ರ್ಯಾಕ್ ಎಂದೂ ಕರೆಯುತ್ತಾರೆ. ಇದಕ್ಕೆ ತನ್ನದೇ ನೆಟ್‌ವರ್ಕ್‌ ಕಿಂಡಿಯಿದೆ. ಸರ್ವರ್ ಆರಿದ್ದರೂ, ವಿಂಡೋಸ್ ಅಥವಾ ಲಿನಕ್ಸ್ ಸ್ತಬ್ಧವಾಗಿದ್ದರೂ, ವೈರಿನಲ್ಲಿ ಕರೆಂಟಿದ್ದರೆ ಸಾಕು, ಇದು ಎಚ್ಚರವಾಗಿರುತ್ತದೆ. ಫ್ಯಾನಿನ ವೇಗ, ಗಾಳಿಯ ಉಷ್ಣತೆ, ಡಿಸ್ಕು, ಮೆಮೊರಿ, ಪವರ್ ಸಪ್ಲೈಗಳ ಆರೋಗ್ಯವನ್ನು ನೋಡುತ್ತಾ ಬರೆದಿಡುವುದು ಇದರ ಕೆಲಸ. ಇಂಥ ಹಲವು ಸರ್ವರುಗಳ ವರದಿಗಳನ್ನು ಒಂದೇ ಪರದೆಗೆ ತರುವ ದೊಡ್ಡ ತಂತ್ರಾಂಶವನ್ನು ನಾವು ಕನ್ಸೋಲ್ ಎನ್ನುತ್ತೇವೆ. ಇವೆಲ್ಲ ಮಾತಾಡಿಕೊಳ್ಳಲು ಬೇಕಾದ ಐಪಿಎಂಐ ಎಂಬ ಒಡಂಬಡಿಕೆ 1998ರಲ್ಲೇ ಬಂತು; 2015ರಲ್ಲಿ ಬಂದ ರೆಡ್‌ಫಿಶ್ ಎಂಬ ಹೊಸ ವಿಧಾನ ಅದರ ಜಾಗವನ್ನು ಕ್ರಮೇಣ ತುಂಬುತ್ತಿದೆ.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವಾಗ ನಾನು ಬೀದರಿನ ನೌಬಾದಿನ ಸುರಂಗ ಬಾವಿಯನ್ನು ನೆನಪಿಸುತ್ತೇನೆ. ಬಹಮನಿ ಕಾಲದ ಆ ಕರೇಜಿನಲ್ಲಿ ನೀರು ಹರಿಯುವುದು ನೆಲದಡಿಯ ಸುರಂಗದಲ್ಲಾದರೂ, ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂತಹ ಕಿಂಡಿಗಳನ್ನು ತೋಡಿಟ್ಟಿದ್ದಾರೆ. ಸುರಂಗದಲ್ಲಿ ಎಲ್ಲಿ ಹೂಳು ತುಂಬಿದೆ, ಎಲ್ಲಿ ಹರಿವು ಕುಂದಿದೆ ಎಂದು ತಿಳಿಯಲು, ಹೂಳು ಎತ್ತಿ ಹಾಕಲು ಆ ಕಿಂಡಿಗಳೇ ದಾರಿ. ನಾವು ಹೂಳು ತುಂಬುವುದಕ್ಕೆ, ಕಸ ಸುರಿಯುವುದಕ್ಕೆ ಬಿಟ್ಟ ಕಿಂಡಿಗಳಿಂದಲೇ ಆ ವ್ಯವಸ್ಥೆ ಬಹುಕಾಲ ಮರೆಯಾಗಿತ್ತು. ಬಿಎಂಸಿ ಎಂಬುದು ಸರ್ವರಿನ ಕಿಂಡಿ. ಅದನ್ನು ಕೊಳ್ಳುವಾಗ ದುಡ್ಡು ಕೊಟ್ಟೇ ತರುತ್ತೇವೆ. ತಂದ ದಿನವೇ ಮುಚ್ಚಿಬಿಡುತ್ತೇವೆ.

ಕಿಂಡಿಯೇ ಕೆಡುವುದೂ ಉಂಟು. ಕನ್ಸೋಲಿನಲ್ಲಿ ಸರ್ವರ್ ಕೆಂಪಾಗಿ ಕಂಡರೆ ಬಹಳ ಜನ ಮೊದಲು ಮಾಡುವ ಕೆಲಸ ಸರ್ವರನ್ನೇ ಆರಿಸಿ ಹಚ್ಚುವುದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನು ಮೊದಲ ದಿನವೇ ಹೇಳುವ ಮಾತೆಂದರೆ, ಕೆಟ್ಟಿರುವುದು ಸರ್ವರೋ ಸುದ್ದಿ ತರುವ ದೂತನೋ ಎಂಬುದು ಖಚಿತವಾಗುವ ತನಕ ಪವರ್ ಗುಂಡಿಯ ಹತ್ತಿರ ಕೈ ಒಯ್ಯಬೇಡಿ. ಕೌಂಟರಿನವರು ನಿರಾತಂಕವಾಗಿ ಕೆಲಸ ಮಾಡುತ್ತಿದ್ದು ಕನ್ಸೋಲ್ ಮಾತ್ರ ಕೆಂಪಾಗಿದ್ದರೆ ರೋಗ ದೂತನದ್ದೇ. ಬಿಎಂಸಿಯ ಐಪಿ ವಿಳಾಸವನ್ನು ಸ್ಥಿರವಾಗಿ ಕೊಡದೆ ಇದ್ದುದರಿಂದ ರೂಟರ್ ಆರಿ ಹತ್ತಿದಾಗ ಅದು ಬೇರೆಯಾಗಿರಬಹುದು. ಹೊಸ ಫೈರ್‌ವಾಲ್ ಹಾಕಿದವರು ಸರ್ವರಿನ ವರದಿ ಸಾಗಿಸುವ ಎಸ್‌ಎನ್‌ಎಂಪಿಗೆ ಬೇಕಾದ 161 ಮತ್ತು 162ನೆಯ ಪೋರ್ಟುಗಳೆಂಬ ದಾರಿಗಳನ್ನೋ ಐಪಿಎಂಐಗೆ ಬೇಕಾದ 623ನ್ನೋ ಮುಚ್ಚಿರಬಹುದು. ಕನ್ಸೋಲಿನ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿರಬಹುದು, ಅಥವಾ ಎರಡು ಕಡೆಯ ಗಡಿಯಾರಗಳ ನಡುವಿನ ಅಂತರದಿಂದಾಗಿ ಇನ್ನೂ ಅವಧಿಯಿರುವ ಪ್ರಮಾಣಪತ್ರವೇ ಅಸಿಂಧು ಎನಿಸಿರಬಹುದು. ಬಿಎಂಸಿಯೇ ಮಂಕಾಗಿ ಕುಳಿತಿದ್ದರೆ ಅದೊಂದನ್ನೇ ರೀಸೆಟ್ ಮಾಡಲು ಬರುತ್ತದೆ, ಹಾಗೆ ಮಾಡಿದರೆ ಸಾಮಾನ್ಯವಾಗಿ ಸರ್ವರಿನ ಕೆಲಸ ನಿಲ್ಲುವುದಿಲ್ಲ. ಇದು ತಿಳಿಯದೆ ಎಷ್ಟೋ ಕಡೆ ಹಗಲು ಹೊತ್ತಿನಲ್ಲೇ ಇಡೀ ಸರ್ವರನ್ನು ಆರಿಸಿ, ಸರಿಯಿದ್ದುದನ್ನು ಕೆಡಿಸಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ, ಅದು ಇನ್ನೂ ಅಪಾಯದ್ದು. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಕನ್ಸೋಲಿನಿಂದ ದಿನಕ್ಕೆ ನೂರಾರು ಎಚ್ಚರಿಕೆಯ ಮೇಲ್‌ಗಳು ಬರುತ್ತಿದ್ದವು. ಯಾರೋ ಲಾಗಿನ್ ಆದರೂ ಮೇಲ್, ಫ್ಯಾನಿನ ವೇಗ ತುಸು ಏರಿದರೂ ಮೇಲ್. ಬೇಸತ್ತು ನಾನೇ ಅವೆಲ್ಲ ಒಂದು ಪ್ರತ್ಯೇಕ ಫೋಲ್ಡರಿಗೆ ತಾವಾಗಿಯೇ ಹೋಗುವಂತೆ ಮಾಡಿದ್ದೆ, ಆ ಫೋಲ್ಡರನ್ನು ತಿಂಗಳುಗಟ್ಟಲೆ ತೆರೆದಿರಲಿಲ್ಲ. ಆ ತಪ್ಪು ನನ್ನದೇ. ಯಾವ ಎಚ್ಚರಿಕೆಗೆ ಮನುಷ್ಯ ಏಳಬೇಕು, ಯಾವುದನ್ನು ಸುಮ್ಮನೆ ಬರೆದಿಟ್ಟರೆ ಸಾಕು ಎಂದು ಕುಳಿತು ಜರಡಿ ಹಿಡಿಯುವುದೇ ಈ ತಂತ್ರಾಂಶವನ್ನು ನಡೆಸುವವರ ಮುಖ್ಯ ಕೆಲಸ. ಡಿಸ್ಕು, ಪವರ್ ಸಪ್ಲೈ, ಉಷ್ಣತೆ, ಬ್ಯಾಕಪ್, ಈ ನಾಲ್ಕರ ಸುದ್ದಿ ಮಾತ್ರ ಮೊಬೈಲಿಗೆ ಬರುವಂತೆ ಮಾಡಿದ ಮೇಲೆ ನಾನು ಒಂದನ್ನೂ ಓದದೆ ಬಿಟ್ಟಿಲ್ಲ.

ಭದ್ರತೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ, ವಿಷಯ ಮಾತ್ರ ಚಿಕ್ಕದಲ್ಲ. ದೂರದಿಂದ ನೋಡಲು ಅನುಕೂಲವಾಗಲಿ ಎಂದು ಬಿಎಂಸಿಯನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಟ್ಟಿರುವ, ಅದೂ ಕಾರ್ಖಾನೆಯಿಂದ ಬಂದ ಪಾಸ್‌ವರ್ಡಿನಲ್ಲೇ ಬಿಟ್ಟಿರುವ ಸರ್ವರುಗಳು ನಮ್ಮ ಭಾಗದಲ್ಲೂ ನನ್ನ ಕಣ್ಣಿಗೆ ಬಿದ್ದಿವೆ. ಅದರ ಕೀಲಿ ಸಿಕ್ಕವರಿಗೆ ಸರ್ವರಿನ ಮುಂದೆಯೇ ಕುಳಿತಷ್ಟು ಅಧಿಕಾರ ಬಂದಂತೆ. ಐಪಿಎಂಐಯ ಎರಡನೆಯ ಆವೃತ್ತಿಯಲ್ಲಿ ಪಾಸ್‌ವರ್ಡಿನ ಗೂಢರೂಪವನ್ನು ಹೊರಗಿನವರು ಪಡೆಯಬಹುದಾದ ದೋಷವಿರುವುದು 2013ರಲ್ಲೇ ಬಹಿರಂಗವಾಗಿದೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿಯಾದಾಗ, ದಿನಗಟ್ಟಲೆ ರೋಗಿಗಳ ನೋಂದಣಿಯನ್ನು ಕೈಬರಹದಲ್ಲಿ ಮಾಡಬೇಕಾಯಿತು. ಅಂಥ ದೊಡ್ಡ ಸಂಸ್ಥೆಗೇ ಆ ಗತಿ ಬಂದಿರುವಾಗ ನಮ್ಮ ತಾಲ್ಲೂಕು ಮಟ್ಟದ ಸಂಸ್ಥೆಗಳು ತಮ್ಮನ್ನು ಯಾರೂ ನೋಡುವುದಿಲ್ಲ ಎಂದುಕೊಂಡಿರುವುದು ಸರಿಯಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಬೇಕು, ಯಂತ್ರಗಳ ಗಡಿಯಾರಗಳನ್ನು ಅಧಿಕೃತ ಕಾಲಮಾನಕ್ಕೆ ಹೊಂದಿಸಿರಬೇಕು. ಗಡಿಯಾರದ ಮಾತು ಆ ನಿರ್ದೇಶನದಲ್ಲಿ ಏಕೆ ಬಂತೆಂದು ಕೇಳುವವರಿಗೆ ನಾನು ಆ ಸಿಪಾಯಿಯ ಕತೆ ಹೇಳುತ್ತೇನೆ.

ಸಂಸ್ಥೆಗಳ ಆಡಳಿತ ಮಂಡಳಿಗಳನ್ನು ನಾನು ಕೇಳಿಕೊಳ್ಳುವುದು ದುಬಾರಿಯಾದದ್ದನ್ನೇನೂ ಅಲ್ಲ. ಲಕ್ಷಗಟ್ಟಲೆ ಕೊಟ್ಟು ಸರ್ವರ್ ತರಿಸುವಾಗ ದರಪಟ್ಟಿಯಲ್ಲಿ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಸಾಲುಸಾಲಾಗಿ ಕೇಳುತ್ತಾರೆ. ಎಚ್ಚರಿಕೆ ಯಾರಿಗೆ ಹೋಗಬೇಕು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಎಂದು ಪ್ರತಿ ವರ್ಷ ಕಟ್ಟುವ ಹಣಕ್ಕೆ ಕೆಟ್ಟ ಮೇಲೆ ಬಂದು ನೋಡುವ ಷರತ್ತಿದೆ, ಕೆಡುವ ಮೊದಲು ಲಾಗ್ ಓದುವ ಷರತ್ತಿಲ್ಲ. ಎಚ್ಚರಿಕೆಯ ವಿಳಾಸ ವ್ಯಕ್ತಿಯ ಹೆಸರಿನಲ್ಲಿರದೆ ಹುದ್ದೆಯ ಹೆಸರಿನಲ್ಲಿರಲಿ, ಅದು ಸಂಸ್ಥೆಯೊಳಗಿನ ಕನಿಷ್ಠ ಇಬ್ಬರಿಗೆ ತಲುಪಲಿ; ತಿಂಗಳಿಗೊಮ್ಮೆ ಬೇಕೆಂದೇ ಒಂದು ಪರೀಕ್ಷಾ ಎಚ್ಚರಿಕೆ ಕಳಿಸಿ ಅದು ಮುಟ್ಟಿತೇ ಎಂದು ನೋಡಲಿ. ನಿರ್ವಹಣಾ ಪಾಸ್‌ವರ್ಡು ಮೊಹರು ಮಾಡಿದ ಲಕೋಟೆಯಲ್ಲಿ ಸಂಸ್ಥೆಯ ತಿಜೋರಿಯಲ್ಲಿರಲಿ, ಮಾರಾಟಗಾರನ ಡೈರಿಯಲ್ಲಲ್ಲ. ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ಇಳಿಸಿ ನೋಡುವ ತಾಲೀಮು ಮೂರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು, ಏಕೆಂದರೆ ಮರಳಿ ಇಳಿಸಿ ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಎಂದು ಹೇಳಲಾಗದು.

ಇನ್ನು ಈ ಕೆಲಸಕ್ಕೆ ಜನ ಎಲ್ಲಿದ್ದಾರೆ ಎಂಬ ಪ್ರಶ್ನೆ. ಇದೇ ನನ್ನನ್ನು ಹೆಚ್ಚು ನೋಯಿಸುವ ಸಂಗತಿ. 1980ರಿಂದ ನಮ್ಮಲ್ಲಿ ವಿಶ್ವವಿದ್ಯಾಲಯವಿದೆ, 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ, ಮೂರೂ ಜಿಲ್ಲೆಗಳಲ್ಲಿ ಪಾಲಿಟೆಕ್ನಿಕ್‌ಗಳಿವೆ, ಬಿಸಿಎ ಕಲಿಸುವ ಕಾಲೇಜುಗಳಿವೆ. ಆದರೂ ಒಂದು ಸರ್ವರ್ ನಿಂತರೆ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಎಂಜಿನಿಯರ್ ಬರುವ ತನಕ ಕಾಯುತ್ತೇವೆ. ವಿಪರ್ಯಾಸವೆಂದರೆ ಹಾಗೆ ಬಂದವರಲ್ಲಿ ಎಷ್ಟೋ ಜನ ನಮ್ಮ ಸೇಡಂ, ಹುಮನಾಬಾದ್, ಶಹಾಪುರ ಕಡೆಯ ಹುಡುಗರೇ. ನಮ್ಮ ಪಠ್ಯದಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಾರೆ. ನಡೆಯುತ್ತಿರುವ ಯಂತ್ರವನ್ನು ನೋಡಿಕೊಳ್ಳುವುದನ್ನು, ಲಾಗ್ ಓದುವುದನ್ನು, ಒಂದು ದೋಷದ ಜಾಡನ್ನು ಹಂತಹಂತವಾಗಿ ಹಿಡಿಯುವುದನ್ನು ಕಲಿಸುವುದು ಅಪರೂಪ. ಇದಕ್ಕೆ ದೊಡ್ಡ ಪ್ರಯೋಗಾಲಯವೇನೂ ಬೇಡ. ಸಂಸ್ಥೆಗಳು ಹಳತಾಯಿತೆಂದು ಮೂಲೆಗೆ ಹಾಕಿದ ಎರಡು ಸರ್ವರುಗಳು, ಝಬಿಕ್ಸ್, ನಾಗಿಯೋಸ್‌ನಂತಹ ಹಣ ಕೊಡದೆ ಬಳಸಬಹುದಾದ, ಸರ್ವರುಗಳ ಮೇಲೆ ಕಣ್ಣಿಡುವ ತಂತ್ರಾಂಶಗಳು, ಬೇಕೆಂದೇ ಕೇಬಲ್ ಕಿತ್ತು, ಗಡಿಯಾರ ತಪ್ಪಿಸಿ, ಡಿಸ್ಕು ಹೊರತೆಗೆದು ‘ಈಗ ಏನಾಗಿದೆ ಹೇಳು’ ಎಂದು ಕೇಳುವ ಒಬ್ಬ ಮೇಷ್ಟ್ರು ಇದ್ದರೆ ಆರು ತಿಂಗಳಲ್ಲಿ ಹತ್ತು ಜನ ತಯಾರಾಗುತ್ತಾರೆ. ಸಂವಿಧಾನದ 371ಜೆ ವಿಧಿಯಿಂದ ನಮ್ಮ ಭಾಗದವರಿಗೆ ಉದ್ಯೋಗದಲ್ಲಿ ಮೀಸಲಾತಿ ದೊರೆತಿದೆ. ಸರ್ಕಾರಿ ಕಚೇರಿ, ಆಸ್ಪತ್ರೆಗಳಲ್ಲಿ ಇಂತಹದೊಂದು ಹುದ್ದೆಯನ್ನೇ ಸೃಷ್ಟಿಸಿದರೆ ಅದನ್ನು ತುಂಬುವ ಅರ್ಹತೆ ಇಲ್ಲಿಯ ಮಕ್ಕಳಿಗೆ ಖಂಡಿತ ಇದೆ.

ಆ ಸಂಘದ ಸಿಪಾಯಿಯವರಿಗೆ ನಾನು ಅಂದು ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು ಬಂದಿದ್ದೆ. ಬೆಳಿಗ್ಗೆ ಬಾಗಿಲು ತೆಗೆದೊಡನೆ ಸರ್ವರಿನ ದೀಪ ಯಾವ ಬಣ್ಣ, ಗೋಡೆಯ ಉಷ್ಣಮಾಪಕ ಎಷ್ಟು ಡಿಗ್ರಿ, ಯುಪಿಎಸ್ ಏನು ತೋರಿಸುತ್ತಿದೆ ಎಂದು ತಾರೀಖು ಹಾಕಿ ಬರೆಯುತ್ತಾ ಬಂದಿದ್ದಾರೆ. ಟವೆಲು ಹೋಗಿದೆ, ಎಸಿ ರಾತ್ರಿಯೂ ನಡೆಯುತ್ತಿದೆ. ಕಳೆದ ಮಾರ್ಚಿನಲ್ಲಿ ಒಂದು ಮುಂಜಾನೆ ಅವರೇ ನನಗೆ ಫೋನು ಮಾಡಿ, ‘ಸರ, ದೀಪ ಹಳದಿ ಆಗ್ಯದ್ರಿ’ ಎಂದರು. ಅದೇ ನಿಮಿಷಕ್ಕೆ ನನ್ನ ಮೊಬೈಲಿಗೂ ಕನ್ಸೋಲಿನ ಸಂದೇಶ ಬಂದಿತ್ತು. ಎರಡು ಪವರ್ ಸಪ್ಲೈಗಳಲ್ಲಿ ಒಂದು ಕೆಟ್ಟಿತ್ತು. ಸಂಜೆಯೊಳಗೆ ಸರ್ವರ್ ಆರಿಸದೆಯೇ ಅದನ್ನು ಬದಲಿಸಿದೆವು. ಅಂದು ಕೌಂಟರಿಗೆ ಬಂದ ಯಾರಿಗೂ ನಾಳೆ ಬನ್ನಿ ಎಂದು ಹೇಳಬೇಕಾಗಲಿಲ್ಲ.

ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ನನಗೆ ಬಿಡುವಿರುತ್ತದೆ. ಈ ಮೂರು ಜಿಲ್ಲೆಗಳ ಯಾವುದೇ ಸಹಕಾರಿ ಸಂಘ, ಶಾಲೆ, ದತ್ತಿ ಆಸ್ಪತ್ರೆಯವರು ಬಯಸಿದರೆ ಅವರ ಸರ್ವರಿನ ಲಾಗ್ ಓದಿ, ಗಡಿಯಾರ ಮತ್ತು ಎಚ್ಚರಿಕೆಯ ವಿಳಾಸ ಸರಿಪಡಿಸಿಕೊಡಲು ಸಿದ್ಧನಿದ್ದೇನೆ, ಅದಕ್ಕೆ ಹಣ ಬೇಡ. ನನ್ನ ಹೆಸರು, ವಿಳಾಸ ತಮ್ಮ ಕಚೇರಿಯಲ್ಲಿವೆ. ಕೇಳಿ ಬಂದವರಿಗೆ ದಯವಿಟ್ಟು ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸರ್ವರ್ ನಿರ್ವಾಹಕ
ಕಲಬುರಗಿ